ಕಂಪ್ಯೂಟರ್ ಹೇಳಿದರೆ ಸಾಕೆ?

‘ಕಂಪ್ಯೂಟರೇ ಹೇಳಿದೆ’ ಎಂಬ ಮಾತು ಈಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗುತ್ತಿದೆ. ಆಸ್ಪತ್ರೆಯ ಪರೀಕ್ಷಾ ವರದಿ ಇರಲಿ, ತೋಟಕ್ಕೆ ಯಾವ ತಳಿ ಹೊಂದೀತೆಂಬ ಸಲಹೆ ಇರಲಿ, ತಂದೆತಾಯಿಯರಿಂದ ಮಕ್ಕಳಿಗೆ ಯಾವ ರೋಗ ಬಂದೀತೆಂಬ ಅಂದಾಜಿರಲಿ, ಈ ಒಂದು ಮಾತು ಬಂತೆಂದರೆ ಚರ್ಚೆ ಮುಗಿಯಿತು. ಹಿಂದೆ ‘ಪುಸ್ತಕದಲ್ಲಿ ಬರೆದಿದೆ’ ಎಂದರೆ ಎಲ್ಲರೂ ಹೇಗೆ ಸುಮ್ಮನಾಗುತ್ತಿದ್ದರೋ ಈಗ ಹಾಗೆಯೇ ಯಂತ್ರದ ಮುಂದೆ ಸುಮ್ಮನಾಗುತ್ತಿದ್ದೇವೆ. ಪುಸ್ತಕವನ್ನಾದರೂ ಬಿಡಿಸಿ ನೋಡಬಹುದಿತ್ತು. ಯಂತ್ರದ ಒಳಗನ್ನು ನೋಡುವುದು ನಮ್ಮಿಂದಾಗುವ ಕೆಲಸವೇ ಎಂಬ ಅಳುಕು ಅನೇಕರಲ್ಲಿದೆ.

ಆಗುವ ಕೆಲಸವೇ ಎಂಬುದು ನಮ್ಮ ಅಭಿಪ್ರಾಯ. ಜೀವಶಾಸ್ತ್ರದಲ್ಲಿಯೂ ತಳಿವಿಜ್ಞಾನದಲ್ಲಿಯೂ ಕಂಪ್ಯೂಟರ್ ಇಂದು ಬಳಸುವ ಹಲವು ವಿಧಾನಗಳು ಆಕಾಶದಿಂದ ಇಳಿದು ಬಂದವುಗಳಲ್ಲ. ಇರುವೆಯ ಸಾಲು, ಹಕ್ಕಿಯ ಹಿಂಡು, ಮೆದುಳಿನ ನರಕೋಶ, ತಾಯಿ ತಂದೆಯರ ಗುಣ ಮಗುವಿನಲ್ಲಿ ಕೂಡಿ ಬರುವ ರೀತಿ, ಇವುಗಳನ್ನು ನೋಡಿಯೇ ಮನುಷ್ಯ ಈ ಲೆಕ್ಕಗಳನ್ನು ಕಟ್ಟಿದ್ದಾನೆ. ಇದರ ತಿರುಳು ಹೈಸ್ಕೂಲಿನ ಮಗುವಿಗೆ ತಿಳಿಯದಷ್ಟು ಕಠಿಣವಲ್ಲ. ಮಾತ್ರವಲ್ಲ, ಆ ತಿರುಳು ತಿಳಿದವರಿಗಷ್ಟೆ ‘ಕಂಪ್ಯೂಟರ್ ಹೇಳಿದೆ’ ಎಂಬ ಮಾತನ್ನು ಎಲ್ಲಿ ನಂಬಬೇಕು, ಎಲ್ಲಿ ಪ್ರಶ್ನಿಸಬೇಕು ಎಂಬುದು ಗೊತ್ತಾಗುತ್ತದೆ.

ಎಣಿಸಿ ಮುಗಿಯದ ಲೆಕ್ಕ

ಲೆಕ್ಕ ಮಾಡಲೆಂದೇ ಹುಟ್ಟಿದ ಯಂತ್ರಕ್ಕೆ ಇರುವೆಯಿಂದ ಕಲಿಯುವ ಅಗತ್ಯವೇನು ಎಂಬುದು ಮೊದಲ ಪ್ರಶ್ನೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೆಳಗಿನ ಜಾವ ಪತ್ರಿಕೆಯ ಕಟ್ಟುಗಳನ್ನು ಹೊತ್ತ ಒಂದು ವಾಹನ ಕಾಸರಗೋಡಿನಿಂದ ಹೊರಟು ಕುಂಬಳೆ, ಬಂದ್ಯೋಡು, ಉಪ್ಪಳ, ಮಂಜೇಶ್ವರ, ಪೈವಳಿಕೆ, ಬಾಯಾರು, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಅಡೂರು ಹೀಗೆ 10 ಊರುಗಳಿಗೆ ಹೋಗಿ ಮರಳಿ ಬರಬೇಕು. ಯಾವ ಕ್ರಮದಲ್ಲಿ ಹೋದರೆ ದಾರಿ ಅತಿ ಕಡಿಮೆ? ಹತ್ತೇ ಊರಲ್ಲವೆ, ಕಾಗದದಲ್ಲಿ ಬರೆದು ನೋಡಿದರಾಯಿತು ಎಂದು ತೋರಬಹುದು. ಆದರೆ ಹತ್ತು ಊರುಗಳನ್ನು ಒಂದರ ಹಿಂದೆ ಒಂದಾಗಿ ಜೋಡಿಸುವ ಕ್ರಮಗಳು ಒಟ್ಟು 36,28,800. ಅದೇ ದಾರಿಯನ್ನು ಹಿಂದುಮುಂದಾಗಿ ಕ್ರಮಿಸಿದರೂ ದೂರ ಒಂದೇ ಆದುದರಿಂದ ಅರ್ಧವನ್ನು ಬಿಟ್ಟರೂ 18,14,400 ಉಳಿಯುತ್ತವೆ. ಊರುಗಳು 15 ಆದರೆ ಈ ಸಂಖ್ಯೆ 65,000 ಕೋಟಿಯನ್ನು ಮೀರುತ್ತದೆ. 30 ಆದರೆ ಜಗತ್ತಿನ ಅತಿ ವೇಗದ ಯಂತ್ರಕ್ಕೂ ಒಂದೊಂದನ್ನಾಗಿ ನೋಡಿ ಮುಗಿಸಲು ಆಗದು.

ಜೀವಶಾಸ್ತ್ರದಲ್ಲಿ ಇಂತಹ ಲೆಕ್ಕಗಳು ಹೆಜ್ಜೆಹೆಜ್ಜೆಗೂ ಇವೆ. ಹತ್ತು ಜಾತಿಯ ಜೀವಿಗಳನ್ನು ತೆಗೆದುಕೊಂಡು ಯಾವುದು ಯಾವುದಕ್ಕೆ ಹತ್ತಿರದ ನೆಂಟ, ಯಾವ ಕವಲು ಮೊದಲು ಒಡೆಯಿತು ಎಂದು ಒಂದು ವಂಶವೃಕ್ಷ ಬರೆಯಬೇಕೆಂದಿಟ್ಟುಕೊಳ್ಳೋಣ. ಎರಡೆರಡಾಗಿ ಕವಲೊಡೆಯುವ ವೃಕ್ಷಗಳನ್ನಷ್ಟೇ ಎಣಿಸಿದರೂ ಬರೆಯಲು ಸಾಧ್ಯವಿರುವ ವೃಕ್ಷಗಳ ಸಂಖ್ಯೆ 3,44,59,425. ಜಾತಿಗಳು 20 ಆದರೆ ಅದು 22 ಅಂಕೆಗಳ ಸಂಖ್ಯೆ. ಇವುಗಳಲ್ಲಿ ನಿಜವಾಗಿ ನಡೆದದ್ದು ಒಂದೇ ಒಂದು. ಹುಲ್ಲಿನ ಬಣವೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಕುಳಿತರೆ ಆಯುಷ್ಯ ಸಾಲದು. ಎಲ್ಲವನ್ನೂ ನೋಡದೆ ಒಳ್ಳೆಯದರ ಹತ್ತಿರಕ್ಕೆ ಹೋಗುವ ಉಪಾಯ ಬೇಕು. ಆ ಉಪಾಯ ಪ್ರಕೃತಿಯಲ್ಲಿ ಮೊದಲೇ ಇತ್ತು.

ಇರುವೆ ಕಲಿಸಿದ ಪಾಠ

ಅಡುಗೆಮನೆಯ ಬೆಲ್ಲದ ಡಬ್ಬಿಗೆ ಇರುವೆ ಹತ್ತಿದ್ದನ್ನು ನೋಡದವರಿಲ್ಲ. ಮೊದಲು ನಾಲ್ಕಾರು ಇರುವೆಗಳು ಅಡ್ಡಾದಿಡ್ಡಿಯಾಗಿ ಓಡಾಡುತ್ತವೆ. ಸ್ವಲ್ಪ ಹೊತ್ತಿನಲ್ಲಿ ನೂಲು ಹಿಡಿದಂತೆ ಒಂದು ಸಾಲು. ಇಲ್ಲಿ ಮೇಸ್ತ್ರಿ ಇಲ್ಲ, ನಕ್ಷೆ ಇಲ್ಲ. ಇರುವೆ ನಡೆಯುತ್ತಾ ಒಂದು ಬಗೆಯ ವಾಸನೆಯ ರಸವನ್ನು ನೆಲದ ಮೇಲೆ ಬಿಡುತ್ತದೆ. ಹಿಂದಿನವು ವಾಸನೆ ಹೆಚ್ಚಿದ್ದ ಕಡೆಗೆ ಹೆಚ್ಚಾಗಿ ತಿರುಗುತ್ತವೆ.

ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ದೆನ್ಯೂಬೂರ್ ಮತ್ತು ಅವರ ಸಂಗಡಿಗರು 1989ರ ಸುಮಾರಿಗೆ ಇದನ್ನು ಸರಳವಾಗಿ ಪರೀಕ್ಷಿಸಿದರು. ಇರುವೆಗೂಡಿಗೂ ಆಹಾರಕ್ಕೂ ನಡುವೆ ಎರಡು ಸೇತುವೆ, ಒಂದು ಗಿಡ್ಡ, ಇನ್ನೊಂದು ಉದ್ದ. ಗಿಡ್ಡ ಸೇತುವೆಯಲ್ಲಿ ಹೋದವು ಬೇಗ ಮರಳಿದವು. ಅಲ್ಲಿ ವಾಸನೆ ಬೇಗ ಗಟ್ಟಿಯಾಯಿತು. ಅದರಿಂದ ಇನ್ನಷ್ಟು ಇರುವೆಗಳು ಅಲ್ಲಿಗೇ ಬಂದವು. ಕೊನೆಗೆ ಬಹುಪಾಲು ಇರುವೆಗಳು ಗಿಡ್ಡ ದಾರಿಯನ್ನೇ ಹಿಡಿದವು. ಇಟಲಿಯ ಮಿಲಾನ್ ನಗರದಲ್ಲಿ ಮಾರ್ಕೊ ಡೊರಿಗೊ ಎಂಬ ಸಂಶೋಧಕರು 1992ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಇದನ್ನೇ ಲೆಕ್ಕದ ವಿಧಾನವಾಗಿ ಮಾರ್ಪಡಿಸಿದರು. ಯಂತ್ರದೊಳಗೆ ನೂರಾರು ‘ಕಾಗದದ ಇರುವೆ’ಗಳನ್ನು ಬಿಡುವುದು, ಗಿಡ್ಡ ದಾರಿ ಕಂಡವುಗಳಿಗೆ ಹೆಚ್ಚು ಅಂಕ ಕೊಡುವುದು, ಹಳೆಯ ಅಂಕಗಳನ್ನು ಮೆಲ್ಲಮೆಲ್ಲನೆ ಆರಲು ಬಿಡುವುದು. ಈ ಕೊನೆಯ ಮಾತು ಮುಖ್ಯ. ಹಳೆಯ ವಾಸನೆ ಆರದಿದ್ದರೆ ಮೊದಲು ಸಿಕ್ಕಿದ ಸಾಧಾರಣ ದಾರಿಯೇ ಶಾಶ್ವತವಾಗಿಬಿಡುತ್ತದೆ. ಮರೆಯುವುದೂ ಒಂದು ವಿದ್ಯೆ ಎಂಬುದು ಇದರಿಂದ ತಿಳಿಯುತ್ತದೆ.

ನೀಲೇಶ್ವರದ ತೆಂಗು, ಮಿಶಿಗನ್ನಿನ ಲೆಕ್ಕ

ಎರಡನೆಯ ಪಾಠ ನಮ್ಮ ಜಿಲ್ಲೆಯ ರೈತರಿಗೆ ಇನ್ನೂ ಹತ್ತಿರದ್ದು. ಪಶ್ಚಿಮ ಕರಾವಳಿಯ ಎತ್ತರದ ತೆಂಗು ಗಟ್ಟಿಮುಟ್ಟಾದುದು, ಆದರೆ ಫಲಕ್ಕೆ ತಡ. ಚಾವಕ್ಕಾಡಿನ ಹಸಿರು ಗಿಡ್ಡ ತಳಿ ಬೇಗ ಫಲಕ್ಕೆ ಬರುತ್ತದೆ. 1930ರ ದಶಕದಲ್ಲಿ ನೀಲೇಶ್ವರದ ಸಂಶೋಧನಾ ಕೇಂದ್ರದಲ್ಲಿ ಇವೆರಡನ್ನು ಸಂಕರಗೊಳಿಸಿದಾಗ ಮರಿತೆಂಗು ಎರಡೂ ಕಡೆಯ ಒಳ್ಳೆಯ ಗುಣಗಳನ್ನು ತೋರಿತು. ತೆಂಗಿನ ಸಂಕರ ತಳಿಯ ಚರಿತ್ರೆಯಲ್ಲಿ ಹೀಗೆ ನಮ್ಮ ನೆಲಕ್ಕೂ ಸ್ಥಾನವಿದೆಯೆಂಬುದು ಹೆಮ್ಮೆಯ ವಿಷಯ. 1916ರಲ್ಲಿ ಕಾಸರಗೋಡಿನಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು, ಅಂದರೆ ನಾವೆಲ್ಲ ಸಿ.ಪಿ.ಸಿ.ಆರ್.ಐ. ಎಂದು ಕರೆಯುವ ಸಂಸ್ಥೆ.

ಸಂಕರ ಮಾಡು, ಒಳ್ಳೆಯದನ್ನು ಆರಿಸು, ಅದರಿಂದ ಮತ್ತೆ ಸಂಕರ ಮಾಡು. ತಳಿ ಬೆಳೆಸುವವರ ಸೂತ್ರ ಇಷ್ಟೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜಾನ್ ಹಾಲೆಂಡ್ ಈ ಸೂತ್ರವನ್ನು ಯಂತ್ರಕ್ಕೆ ಕಲಿಸಿ 1975ರಲ್ಲಿ ಒಂದು ಗ್ರಂಥ ಬರೆದರು. ಜರ್ಮನಿಯ ಬರ್ಲಿನ್‌ನಲ್ಲಿ ರೆಚೆನ್‌ಬರ್ಗ್ ಮತ್ತು ಶ್ವೆಫೆಲ್ 1960ರ ದಶಕದಲ್ಲಿಯೇ ಇದೇ ಬಗೆಯ ದಾರಿಯಲ್ಲಿ ನಡೆದಿದ್ದರು. ಈ ವಿಧಾನಕ್ಕೆ ಜೆನೆಟಿಕ್ ಆಲ್ಗಾರಿದಮ್ ಎಂದು ಹೆಸರು. ವಂಶವಾಹಿಯ ರೀತಿಯಲ್ಲಿ ಉತ್ತರ ಹುಡುಕುವ ಕ್ರಮ ಎಂದರೆ ಅರ್ಥವಾದೀತು.

ಪತ್ರಿಕೆಯ ವಾಹನದ ಲೆಕ್ಕಕ್ಕೇ ಇದನ್ನು ಅನ್ವಯಿಸಿ ನೋಡೋಣ. ಮೊದಲು ಮನಸ್ಸಿಗೆ ಬಂದಂತೆ ನೂರು ದಾರಿಗಳನ್ನು ಬರೆಯುವುದು. ಪ್ರತಿಯೊಂದರ ದೂರವನ್ನು ಅಳೆಯುವುದು. ಗಿಡ್ಡವಾದ ಕೆಲವನ್ನು ‘ತಾಯಿ ತಂದೆ’ಗಳಾಗಿ ಆರಿಸುವುದು. ತಾಯಿಯಿಂದ ಮೊದಲ ಐದು ಊರುಗಳ ಕ್ರಮವನ್ನು ತೆಗೆದುಕೊಂಡು ಉಳಿದ ಊರುಗಳನ್ನು ತಂದೆಯ ಕ್ರಮದಲ್ಲಿ ಸೇರಿಸಿದರೆ ಒಂದು ‘ಮಗು’. ಅಪರೂಪಕ್ಕೊಮ್ಮೆ ಎರಡು ಊರುಗಳನ್ನು ಸುಮ್ಮನೆ ಅದಲು ಬದಲು ಮಾಡಿದರೆ ಅದೇ ಉತ್ಪರಿವರ್ತನೆ. ಹೀಗೆ ನೂರಾರು ತಲೆಮಾರು ಕಳೆಯುವಾಗ ದಾರಿ ಗಿಡ್ಡವಾಗುತ್ತಾ ಬರುತ್ತದೆ. ತೆಂಗಿನ ಒಂದು ತಲೆಮಾರಿಗೆ ವರ್ಷಗಳು ಬೇಕು. ಯಂತ್ರದ ತಲೆಮಾರಿಗೆ ಕಣ್ಣೆವೆ ಮುಚ್ಚುವಷ್ಟು ಹೊತ್ತೂ ಬೇಡ.

ಬದುಕಿನಲ್ಲಿ ಒಂದೇ ಗುಣ ನೋಡಿದರೆ ಸಾಲದು ಎಂಬುದನ್ನೂ ಈ ಕ್ಷೇತ್ರದವರು ಮರೆತಿಲ್ಲ. ಇಳುವರಿ ಹೆಚ್ಚಿರಬೇಕು, ರೋಗವನ್ನೂ ತಡೆಯಬೇಕು, ನೀರೂ ಕಡಿಮೆ ಸಾಕಾಗಬೇಕು ಎಂದಾಗ ಒಂದು ಹೆಚ್ಚಿದರೆ ಇನ್ನೊಂದು ಇಳಿಯುವುದುಂಟು. ಇಂತಲ್ಲಿ ಒಂದೇ ಉತ್ತರದ ಬದಲಿಗೆ ಹೊಂದಾಣಿಕೆಯ ಹಲವು ಉತ್ತರಗಳನ್ನು ಮುಂದಿಡುವ ವಿಧಾನವೊಂದನ್ನು ಕಾನ್ಪುರದ ಐ.ಐ.ಟಿ.ಯಲ್ಲಿದ್ದ ಕಲ್ಯಾಣ್ಮಯ್ ದೇಬ್ ಮತ್ತು ಸಂಗಡಿಗರು 2002ರಲ್ಲಿ ವಿವರವಾಗಿ ಪ್ರಕಟಿಸಿದರು. ಅದು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಮೂರನೆಯ ಪಾಠ ಮೆದುಳಿನದು. 1943ರಲ್ಲಿ ಮೆಕ್‌ಕಲಕ್ ಮತ್ತು ಪಿಟ್ಸ್ ನರಕೋಶದ ಕೆಲಸವನ್ನು ಗಣಿತದ ಭಾಷೆಯಲ್ಲಿ ಬರೆದರು. ಅನೇಕ ಕಡೆಯಿಂದ ಬರುವ ಸೂಚನೆಗಳಿಗೆ ಒಂದೊಂದು ತೂಕ ಕೊಟ್ಟು ಕೂಡಿಸಿ, ಮೊತ್ತ ಒಂದು ಮಿತಿಯನ್ನು ದಾಟಿದರೆ ಮುಂದಕ್ಕೆ ಸೂಚನೆ ಕಳುಹಿಸುವುದು ಅದರ ಸಾರ. ಉತ್ತರ ತಪ್ಪಾದಾಗಲೆಲ್ಲ ಆ ತೂಕಗಳನ್ನು ಅಷ್ಟಿಷ್ಟು ತಿದ್ದುತ್ತಾ ಹೋದರೆ ಯಂತ್ರ ‘ಕಲಿಯುತ್ತದೆ’. ಇಂತಹ ಕೃತಕ ನರಜಾಲಗಳ ಕುರಿತು ಮಾಡಿದ ಮೂಲಭೂತ ಕೆಲಸಕ್ಕಾಗಿ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ 2024ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿದೆ.

ಕಲಿತದ್ದು ಮರಳಿ ಜೀವಶಾಸ್ತ್ರಕ್ಕೆ

ಜೀವಿಗಳಿಂದ ಕಲಿತ ಈ ವಿದ್ಯೆ ಮರಳಿ ಜೀವಿಗಳ ಅಧ್ಯಯನಕ್ಕೇ ಬಂದದ್ದು ಸ್ವಾರಸ್ಯದ ಸಂಗತಿ. ತೆಂಗಿನ ಜೀವಕೋಶದಲ್ಲಿ 16 ಜೊತೆ ವರ್ಣತಂತುಗಳಿವೆ. ಅವುಗಳ ಒಂದು ಪೂರ್ಣ ಪ್ರತಿಯಲ್ಲಿ ಅಡಕವಾಗಿರುವ ಡಿ.ಎನ್.ಎ. ಬರಹದ ಉದ್ದ ಸುಮಾರು 240 ಕೋಟಿ ಅಕ್ಷರ. ಮನುಷ್ಯನದು ಸುಮಾರು 300 ಕೋಟಿ. ಅಕ್ಷರಗಳು ನಾಲ್ಕೇ. ಒಂದೇ ಮೂಲದಿಂದ ಬಂದ ಬರಹಗಳು ಬೇರೆ ಬೇರೆ ಜೀವಿಗಳಲ್ಲಿ ಎಲ್ಲಿ ಹೊಂದುತ್ತವೆ, ಎಲ್ಲಿ ಅಕ್ಷರ ಬಿಟ್ಟುಹೋಗಿದೆ, ಎಲ್ಲಿ ಸೇರಿಕೊಂಡಿದೆ ಎಂದು ಸಾಲುಸಾಲಾಗಿ ಜೋಡಿಸಿ ನೋಡುವುದು ತಳಿವಿಜ್ಞಾನದ ನಿತ್ಯದ ಕೆಲಸ. ಒಂದೇ ಕಾವ್ಯದ ಹಲವು ತಾಳೆಗರಿ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪಾಠ ತಿದ್ದುವ ಪಂಡಿತರ ಕೆಲಸದಂತೆಯೇ ಇದು. ಈ ಜೋಡಣೆಗೆ ನೊತ್ರೆದಾಮ್ ಮತ್ತು ಹಿಗಿನ್ಸ್ ಎಂಬ ವಿಜ್ಞಾನಿಗಳು 1996ರಲ್ಲಿ ಹಾಲೆಂಡರ ವಿಧಾನವನ್ನು ಬಳಸಿದರು. ವಂಶವೃಕ್ಷ ಬರೆಯುವುದಕ್ಕೂ ಅದೇ ವಿಧಾನ ಬಳಕೆಗೆ ಬಂದಿದೆ.

ಔಷಧ ಹುಡುಕುವಲ್ಲಿಯೂ ಹೀಗೆಯೇ. ರೋಗಕ್ಕೆ ಕಾರಣವಾದ ಪ್ರೊಟೀನ್ ಒಂದು ಬೀಗವಾದರೆ ಔಷಧದ ಕಣ ಅದರೊಳಗೆ ಕೂರಬೇಕಾದ ಕೀಲಿಕೈ. ಕೀಲಿಕೈ ಯಾವ ಕೋನದಲ್ಲಿ, ಹೇಗೆ ಬಾಗಿ ಕೂತೀತೆಂದು ಹುಡುಕಲು ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯವರು ಆಟೋಡಾಕ್ ಎಂಬ ಕಂಪ್ಯೂಟರ್ ಕ್ರಮವಿಧಿಯನ್ನು ರೂಪಿಸಿದರು. 1998ರಲ್ಲಿ ಅದಕ್ಕೆ ಸೇರಿಸಿದ ಹುಡುಕಾಟದ ವಿಧಾನಕ್ಕೆ ಲಾಮಾರ್ಕನ ಹೆಸರಿದೆ. ಜೀವನದಲ್ಲಿ ಗಳಿಸಿದ ಗುಣ ಮಕ್ಕಳಿಗೆ ಇಳಿಯುತ್ತದೆ, ಜಿರಾಫೆಯ ಕತ್ತು ಹಾಗೆಯೇ ಉದ್ದವಾಯಿತು ಎಂದ ಫ್ರಾನ್ಸಿನ ಲಾಮಾರ್ಕನ ವಾದ ತಪ್ಪೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಜೀವಿಗಳ ವಿಷಯದಲ್ಲಿ ಅದು ನಿಲ್ಲಲಿಲ್ಲ. ಆದರೆ ಯಂತ್ರದೊಳಗೆ ಉತ್ತರವೊಂದು ತನ್ನನ್ನು ತಾನು ತಿದ್ದಿಕೊಂಡು, ಆ ತಿದ್ದುಪಡಿಯನ್ನು ಮುಂದಿನ ತಲೆಮಾರಿಗೆ ಕೊಟ್ಟರೆ ಹುಡುಕಾಟ ಚುರುಕಾಗುತ್ತದೆ! ಪ್ರಕೃತಿಯಿಂದ ಕಲಿಯುವುದೆಂದರೆ ಪ್ರಕೃತಿಯನ್ನು ಅಕ್ಷರಶಃ ನಕಲು ಮಾಡುವುದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಯಂತ್ರದ ಲೆಕ್ಕ ಫಲಿಸಿತೆಂದು ಪ್ರಕೃತಿಯೂ ಹಾಗೆಯೇ ನಡೆಯುತ್ತದೆಂದು ಹೇಳುವುದೂ ಸರಿಯಲ್ಲ.

ಎಲ್ಲಕ್ಕಿಂತ ದೊಡ್ಡ ಫಲ ಬಂದದ್ದು ಪ್ರೊಟೀನಿನ ಆಕಾರದ ವಿಷಯದಲ್ಲಿ. ಪ್ರೊಟೀನ್ ಎಂದರೆ ಅಮೈನೋ ಆಮ್ಲಗಳ ಮಾಲೆ. ಆ ಮಾಲೆ ಒಂದು ನಿರ್ದಿಷ್ಟ ರೀತಿಯಲ್ಲಿ ಮಡಿಸಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. 100 ಮಣಿಗಳ ಮಾಲೆಯಲ್ಲಿ ಒಂದೊಂದು ಮಣಿಯೂ ಮೂರೇ ಬಗೆಯಲ್ಲಿ ಬಾಗಬಲ್ಲುದೆಂದರೂ ಒಟ್ಟು ಮಡಿಕೆಗಳು 48 ಅಂಕೆಗಳ ಸಂಖ್ಯೆ. ಈ ಮಾಲೆ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಎಂಬ ನಕ್ಷೆಯನ್ನು 1963ರಲ್ಲಿ ಮದ್ರಾಸಿನಿಂದ ಜಗತ್ತಿಗೆ ಕೊಟ್ಟವರು ಎರ್ನಾಕುಳದಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ಅಧ್ಯಯನಕ್ಕೆ ಒಂದು ವಿಭಾಗವನ್ನು ಕಟ್ಟಿದರು. ಅವರ ನಕ್ಷೆಯಿಂದ ಇಂದಿಗೂ ಪ್ರೊಟೀನ್ ರಚನೆಗಳನ್ನು ಒರೆಗೆ ಹಚ್ಚುತ್ತಾರೆ.

2020ರಲ್ಲಿ ಆಲ್ಫಾಫೋಲ್ಡ್ ಎಂಬ ಕೃತಕ ನರಜಾಲದ ಎರಡನೆಯ ಆವೃತ್ತಿ ಪ್ರೊಟೀನಿನ ಆಕಾರವನ್ನು ಅಚ್ಚರಿಯಾಗುವಷ್ಟು ನಿಖರವಾಗಿ ಹೇಳಿತು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೊಟೀನುಗಳ ಊಹಿತ ಆಕಾರಗಳು ಎಲ್ಲರಿಗೂ ಮುಕ್ತವಾಗಿ ದೊರೆತವು. ಪ್ರಯೋಗಶಾಲೆಗಳಲ್ಲಿ ದಶಕಗಳ ಶ್ರಮದಿಂದ ಕಂಡುಹಿಡಿದವು ಆಗ ಸುಮಾರು 2 ಲಕ್ಷ ಮಾತ್ರ. ಈ ಕೆಲಸಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ, ಹೊಸ ಪ್ರೊಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರಿಗೂ 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಹಂಚಿಕೆಯಾಯಿತು. ಆದರೆ ಒಂದು ಮಾತನ್ನು ಗಮನಿಸಬೇಕು. ಆ 20 ಕೋಟಿ ಊಹೆಗಳಿಗೆ ಅಡಿಪಾಯವಾದದ್ದು ಪ್ರಯೋಗಶಾಲೆಗಳು 1971ರಿಂದ ಒಂದು ಸಾರ್ವಜನಿಕ ಭಂಡಾರದಲ್ಲಿ ಕೂಡಿಟ್ಟ ಆ ಲಕ್ಷಾಂತರ ಫಲಿತಾಂಶಗಳೇ. ಗೆದ್ದಲು ಕಟ್ಟಿದ ಹುತ್ತದ ಕೀರ್ತಿಯೆಲ್ಲ ಹಾವಿಗೆ ಹೋಗಬಾರದು.

ಪರೀಕ್ಷೆಯ ಮಾತು

ಇಷ್ಟೆಲ್ಲ ಹೊಗಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ಶಿಕ್ಷಕರಾದ ನಾವು ಕರ್ತವ್ಯಚ್ಯುತರಾಗುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಅಮೆರಿಕದ ಗೊಲಬ್ ಮತ್ತು ಸಂಗಡಿಗರು 1999ರಲ್ಲಿ ರಕ್ತದ ಕ್ಯಾನ್ಸರಿನ ಎರಡು ಬಗೆಗಳನ್ನು ವಂಶವಾಹಿಗಳ ಚಟುವಟಿಕೆಯಿಂದಲೇ ಗುರುತಿಸಬಹುದೆಂದು ತೋರಿಸಿದರು. 38 ರೋಗಿಗಳು, ಪ್ರತಿಯೊಬ್ಬರಲ್ಲೂ ಅಳೆದ ವಂಶವಾಹಿಗಳು 6,817. ಯಾವ ಕೆಲವು ವಂಶವಾಹಿಗಳು ರೋಗದ ಬಗೆಯನ್ನು ಹೇಳುತ್ತವೆ? ಎರಡೆರಡಾಗಿ ಆರಿಸಿದರೆ 2 ಕೋಟಿ 32 ಲಕ್ಷ ಜೊತೆಗಳು. ಮೂರು ಮೂರಾಗಿ ಆರಿಸಿದರೆ 5,277 ಕೋಟಿ ಗುಂಪುಗಳು. ಇಂತಹ ಹುಡುಕಾಟಕ್ಕೆ ಇರುವೆಯ ವಿಧಾನವೂ ಹಾಲೆಂಡರ ವಿಧಾನವೂ ಹೇಳಿ ಮಾಡಿಸಿದಂತಿವೆ ಎಂದು ಮುಂದೆ ಅನೇಕರು ಈ ಅಂಕಿಗಳ ಮೇಲೆಯೇ ತಮ್ಮ ವಿಧಾನಗಳನ್ನು ಪ್ರಯೋಗಿಸಿ ನೋಡಿದರು.

ಅಪಾಯ ಇರುವುದು ಇಲ್ಲಿಯೇ. ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತು ಮಂದಿ ಇದ್ದಾರೆ. ಕೆಲವರಿಗೆ ರೋಗವಿದೆ, ಕೆಲವರಿಗಿಲ್ಲ. ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಬರಬಹುದಾದ ಕ್ರಮಗಳು 1,024. ಅವುಗಳಲ್ಲಿ ಒಂದು ಕ್ರಮ ಈ ಹತ್ತು ಮಂದಿಯ ರೋಗದ ಪಟ್ಟಿಗೆ ಸರಿಯಾಗಿ ಹೊಂದುತ್ತದೆ. ಈಗ 7,000 ನಾಣ್ಯಗಳನ್ನು ಹೀಗೆ ಚಿಮ್ಮಿದರೆ ಅವುಗಳಲ್ಲಿ ಸುಮಾರು ಏಳು ನಾಣ್ಯಗಳು ಹತ್ತಕ್ಕೆ ಹತ್ತೂ ಸರಿ ಹೇಳುತ್ತವೆ! ಆ ಏಳು ನಾಣ್ಯಗಳಿಗೆ ರೋಗದ ವಿಷಯ ಏನು ಗೊತ್ತು? ಏನೂ ಇಲ್ಲ. ನಾಣ್ಯದ ಬದಲಿಗೆ ವಂಶವಾಹಿ ಎಂದು ಓದಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ರೋಗಿಗಳು ಕಡಿಮೆ, ವಂಶವಾಹಿಗಳು ಹೆಚ್ಚು ಇದ್ದಲ್ಲಿ ಹುಡುಕುವವನು ಎಷ್ಟು ಜಾಣನೋ, ಇಲ್ಲದ ಸಂಬಂಧವನ್ನು ಕಾಣುವ ಸಂಭವವೂ ಅಷ್ಟು ಹೆಚ್ಚು. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕಿದ ಹುಡುಗ ಬಾಯಿಪಾಠ ಮಾಡಿ ನೂರಕ್ಕೆ ನೂರು ಪಡೆದಂತೆ ಇದು. ಅವನು ಪಾಠ ಕಲಿತಿದ್ದಾನೆಯೇ ಎಂದು ತಿಳಿಯಬೇಕಾದರೆ ಅವನು ನೋಡದ ಪ್ರಶ್ನೆಪತ್ರಿಕೆಯನ್ನೇ ಕೊಡಬೇಕು.

ಗೊಲಬ್ ತಂಡದವರು ಅದನ್ನೇ ಮಾಡಿದರು. ಬೇರೆಯೇ ಆದ 34 ಮಾದರಿಗಳ ಮೇಲೆ ತಮ್ಮ ಫಲಿತಾಂಶವನ್ನು ಪರೀಕ್ಷಿಸಿದರು. ಎಲ್ಲರೂ ಹಾಗೆ ಮಾಡಲಿಲ್ಲ. ವಂಶವಾಹಿಗಳನ್ನು ಆರಿಸುವಾಗಲೇ ಪರೀಕ್ಷೆಯ ಮಾದರಿಗಳನ್ನೂ ನೋಡಿಬಿಟ್ಟರೆ ಯಂತ್ರ ಇಲ್ಲದ ಜಾಣತನವನ್ನು ತೋರುತ್ತದೆಂದು ಆಂಬ್ರೋಯಿಸ್ ಮತ್ತು ಮೆಕ್‌ಲಾಕ್ಲನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 2002ರಲ್ಲಿ ಎಚ್ಚರಿಸಬೇಕಾಯಿತು. ಇದಕ್ಕೆ ತಕ್ಕ ಮಾದರಿ ಆಲ್ಫಾಫೋಲ್ಡ್ ಗೆದ್ದ ಸ್ಪರ್ಧೆ. 1994ರಿಂದ ಎರಡು ವರ್ಷಗಳಿಗೊಮ್ಮೆ ನಡೆಯುವ ಆ ಸ್ಪರ್ಧೆಯಲ್ಲಿ ಇನ್ನೂ ಪ್ರಕಟವಾಗದ ಪ್ರೊಟೀನ್ ಆಕಾರಗಳನ್ನೇ ಪ್ರಶ್ನೆಯಾಗಿ ಕೊಡುತ್ತಾರೆ. ಉತ್ತರ ಮುಚ್ಚಿದ ಲಕೋಟೆಯಲ್ಲಿದ್ದಂತೆ. ಆಲ್ಫಾಫೋಲ್ಡನ್ನು ಜಗತ್ತು ನಂಬಿದ್ದು ಅದು ಕಂಪ್ಯೂಟರ್ ಎಂಬ ಕಾರಣಕ್ಕಲ್ಲ, ನಿಷ್ಪಕ್ಷಪಾತವಾದ ಪರೀಕ್ಷೆಯಲ್ಲಿ ಉತ್ತೀರ್ಣವಾಯಿತೆಂಬ ಕಾರಣಕ್ಕೆ.

ಇನ್ನೊಂದು ಎಚ್ಚರಿಕೆ ಹೆಸರಿನ ಮೋಹದ ಕುರಿತು. ಇರುವೆಯ ವಿಧಾನ ಯಶಸ್ವಿಯಾದದ್ದೇ ತಡ, ಜೇನಿನ ವಿಧಾನ, ಮಿಂಚುಹುಳದ ವಿಧಾನ, ಬಾವಲಿಯ ವಿಧಾನ, ತೋಳದ ವಿಧಾನ ಎಂದು ಸಾಲುಸಾಲಾಗಿ ಬಂದವು. ಕೆಲವು ನಿಜವಾಗಿ ಉಪಯುಕ್ತ. ಹಲವು ಹಳೆಯ ಲೆಕ್ಕಕ್ಕೇ ಹೊಸ ವೇಷ ತೊಡಿಸಿದವು. ಬೆಲ್ಜಿಯಂನ ಕೆನೆತ್ ಸೋರೆನ್ಸನ್ 2015ರಲ್ಲಿ ಇದನ್ನು ಕಟುವಾಗಿಯೇ ಟೀಕಿಸಿದರು. ಯಕ್ಷಗಾನದಲ್ಲಿ ಕಿರೀಟ ಕಟ್ಟಿದ ಮಾತ್ರಕ್ಕೆ ಅರ್ಥಗಾರಿಕೆ ಬರುವುದಿಲ್ಲವಷ್ಟೆ. ಎಲ್ಲ ಬಗೆಯ ಸಮಸ್ಯೆಗಳನ್ನೂ ಒಟ್ಟಿಗೆ ನೋಡಿದರೆ ಯಾವ ಒಂದು ಹುಡುಕಾಟದ ವಿಧಾನವೂ ಉಳಿದವುಗಳಿಗಿಂತ ಮೇಲಲ್ಲ ಎಂದು ವೊಲ್ಪರ್ಟ್ ಮತ್ತು ಮೆಕ್‌ರೆಡಿ 1997ರಲ್ಲಿಯೇ ಗಣಿತದ ಮೂಲಕ ಸಾಧಿಸಿದ್ದಾರೆ. ಸರ್ವರೋಗ ನಿವಾರಕ ಔಷಧ ಇಲ್ಲಿಯೂ ಇಲ್ಲ.

ಕೇಳಬೇಕಾದ ಮೂರು ಪ್ರಶ್ನೆ

ಹಾಗಾದರೆ ಸಾಮಾನ್ಯರಾದ ನಾವು ಮಾಡಬೇಕಾದುದೇನು? ಯಂತ್ರವನ್ನು ದೂರವಿಡುವುದು ಜಾಣತನವಲ್ಲ, ಕಣ್ಣುಮುಚ್ಚಿ ನಂಬುವುದೂ ಅಲ್ಲ. ಮೂರು ಪ್ರಶ್ನೆಗಳನ್ನು ಕೇಳಲು ಕಲಿತರೆ ಸಾಕು.

ಒಂದನೆಯದು, ‘ಒಳ್ಳೆಯದು’ ಎಂಬುದಕ್ಕೆ ಯಂತ್ರ ಯಾವ ಅಳತೆ ಹಿಡಿದಿದೆ? ದಾರಿಯ ದೂರವನ್ನು ಮಾತ್ರ ಅಳೆಯಲು ಹೇಳಿದರೆ ಮಳೆಗಾಲದಲ್ಲಿ ಮುಳುಗುವ ರಸ್ತೆಯನ್ನೂ ಅದು ಆರಿಸೀತು. ತಳಿಯ ಇಳುವರಿಯನ್ನಷ್ಟೇ ಅಳೆದರೆ ರೋಗದ ಮಾತನ್ನು ಅದು ಎತ್ತುವುದೇ ಇಲ್ಲ. ಅಳತೆಯನ್ನು ನಿರ್ಧರಿಸುವವನು ಮನುಷ್ಯ, ಹೊಣೆಯೂ ಅವನದೇ.

ಎರಡನೆಯದು, ಯಾರ ಮಾಹಿತಿಯಿಂದ ಅದು ಕಲಿತಿದೆ? ವಂಶವಾಹಿ ಮತ್ತು ರೋಗಗಳ ಸಂಬಂಧ ಹುಡುಕುವ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ನೂರಕ್ಕೆ 79 ಮಂದಿ ಯುರೋಪ್ ಮೂಲದವರೆಂದು 2019ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ತಿಳಿಸಿತು. ಆ ಮಾಹಿತಿಯಿಂದ ಮಾಡಿದ ಅಂದಾಜು ನಮ್ಮವರಿಗೆ ಅಷ್ಟೇ ಸರಿಯಾಗಿ ಹೊಂದುವುದೆಂದು ತಿಳಿಯಲಾಗದು. ಈ ಕೊರತೆಯನ್ನು ತುಂಬಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವೂ ಸೇರಿ 20 ಸಂಸ್ಥೆಗಳು ನಮ್ಮ ದೇಶದ ನಾನಾ ಸಮುದಾಯಗಳ ಸುಮಾರು 10,000 ಮಂದಿಯ ಪೂರ್ಣ ಡಿ.ಎನ್.ಎ. ಬರಹವನ್ನು ಓದಿವೆ. ಆ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದೆ. ಇದು ಸ್ವಾಗತಾರ್ಹ.

ಮೂರನೆಯದು, ನೋಡದ ಪ್ರಶ್ನೆಪತ್ರಿಕೆಯಲ್ಲಿ ಅದು ಎಷ್ಟು ಅಂಕ ಪಡೆದಿದೆ? ಇದಕ್ಕೆ ಉತ್ತರ ಕೊಡಲಾರದವರ ಮಾತನ್ನು ಸಲಹೆಯೆಂದು ಕೇಳಬಹುದು, ತೀರ್ಪೆಂದು ಒಪ್ಪಬೇಕಾಗಿಲ್ಲ.

ನಮ್ಮ ಶಾಲೆಗಳಲ್ಲಿ

ಕೇರಳದ ಶಾಲೆಗಳಲ್ಲಿ 2024ರಿಂದ ಏಳನೆಯ ತರಗತಿಯ ಪಾಠಪುಸ್ತಕದಲ್ಲಿ ಕೃತಕ ಬುದ್ಧಿಮತ್ತೆಯ ಪಾಠ ಸೇರಿದೆ. ಇದು ಒಳ್ಳೆಯ ಆರಂಭ. ಆದರೆ ಯಂತ್ರವನ್ನು ಬಳಸಲು ಕಲಿಸುವುದು ಬೇರೆ, ಅದನ್ನು ಪ್ರಶ್ನಿಸಲು ಕಲಿಸುವುದು ಬೇರೆ. ಎರಡನೆಯದಕ್ಕೆ ಕಂಪ್ಯೂಟರ್ ಕೊಠಡಿಯೂ ಬೇಕಾಗಿಲ್ಲ. 40 ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರೂ ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿ ಬರೆಯಲಿ. ಅಧ್ಯಾಪಕರು ಮೊದಲೇ ಬರೆದು ಮುಚ್ಚಿಟ್ಟ ಹತ್ತರ ಪಟ್ಟಿಯನ್ನು ತೆರೆಯಲಿ. ಹತ್ತರಲ್ಲಿ ಎಂಟು ಅಥವಾ ಅದಕ್ಕಿಂತ ಹೆಚ್ಚು ಸರಿಯಾದವರು ಸರಾಸರಿ ಇಬ್ಬರಾದರೂ ಸಿಗುತ್ತಾರೆ. ಅವರನ್ನು ‘ಭವಿಷ್ಯ ಬಲ್ಲವರು’ ಎಂದು ಕರೆದು ಮತ್ತೊಮ್ಮೆ ಚಿಮ್ಮಿಸಿದರೆ ಬಣ್ಣ ಬಯಲಾಗುತ್ತದೆ. ಜೀವಶಾಸ್ತ್ರದ ಅಧ್ಯಾಪಕರೂ ಗಣಿತದ ಅಧ್ಯಾಪಕರೂ ಒಂದು ಗಂಟೆ ಒಟ್ಟಿಗೆ ನಿಂತು ಈ ಪಾಠ ಮಾಡುವಂತಾಗಬೇಕು. ಊರಿನ ವಾಚನಾಲಯಗಳಲ್ಲಿ ಹಿರಿಯರಿಗೂ ಇದನ್ನು ಮಾಡಿ ತೋರಿಸಬಹುದು.

ಭಾಷೆಯ ಮಾತೂ ಇಲ್ಲಿ ಬರುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ನಮ್ಮ ಮಕ್ಕಳು ಪ್ಲಸ್ ಟು ವಿಜ್ಞಾನಕ್ಕೆ ಹೋದಾಗ ಹೊಸ ವಿಷಯವನ್ನೂ ಹೊಸ ಭಾಷೆಯನ್ನೂ ಒಂದೇ ಸಲ ಎದುರಿಸುತ್ತಾರೆ. ಅರ್ಥವಾಗದ್ದು ವಿಷಯವೋ ಭಾಷೆಯೋ ಎಂದು ತಿಳಿಯದೆ, ತನಗೆ ವಿಜ್ಞಾನವೇ ಹತ್ತದು ಎಂದು ಮಗು ತೀರ್ಮಾನಿಸಿಬಿಡುತ್ತದೆ. ಆಯ್ಕೆ, ಸಂಕರ, ಉತ್ಪರಿವರ್ತನೆ, ತಲೆಮಾರು ಎಂಬ ಮಾತುಗಳನ್ನು ಕನ್ನಡದಲ್ಲಿ ಕೈಯಾರೆ ಮಾಡಿ ತಿಳಿದ ಮಗುವಿಗೆ ಮುಂದೆ ಇಂಗ್ಲಿಷಿನ ಪದ ಬರೀ ಒಂದು ಹೊಸ ಹೆಸರು. ತಿಳಿಯದೆ ಹೆಸರನ್ನಷ್ಟೇ ಉರುಹೊಡೆದ ಮಗುವಿಗೆ ಯಾವ ಭಾಷೆಯಲ್ಲಿಯೂ ಪ್ರಶ್ನೆ ಹುಟ್ಟದು.

ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ರೋಗ ಪತ್ತೆ, ಔಷಧ, ಬಿತ್ತನೆ ಬೀಜ, ತೆಂಗು ಅಡಿಕೆಗಳ ತಳಿ, ಎಲ್ಲದರಲ್ಲೂ ಈ ಲೆಕ್ಕಗಳ ಮಾತು ಹೆಚ್ಚೀತೇ ಹೊರತು ಕಡಿಮೆಯಾಗದು. ಆಗ ನಮ್ಮ ಮಕ್ಕಳು ಬರೀ ಕೇಳಿಸಿಕೊಳ್ಳುವವರಾಗಿ ಉಳಿಯಬಾರದು. ಲೆಕ್ಕ ತೋರಿಸಿ ಎಂದು ಕೇಳುವವರಾಗಬೇಕು. ಗಣಿತದಲ್ಲಿ ಉತ್ತರ ಸರಿಯಿದ್ದರೂ ದಾರಿ ಬರೆಯದಿದ್ದರೆ ನಾವು ಪೂರ್ತಿ ಅಂಕ ಕೊಡುವುದಿಲ್ಲ. ಆ ನಿಯಮ ಮಕ್ಕಳಿಗೆ ಎಷ್ಟು ಅನ್ವಯವೋ ಯಂತ್ರಕ್ಕೂ ಅಷ್ಟೇ ಅನ್ವಯವಾಗತಕ್ಕದ್ದು.